ಗೋಡೆಯ ಮೇಲಿನ ಐದು ಅಂಕಿ

ಚೆನ್ನೈನ ಮೈಲಾಪುರ, ತಿರುವಲ್ಲಿಕೇಣಿಗಳ ಹಳೆಯ ಮನೆಗಳಲ್ಲಿ ಸ್ವಿಚ್ ಬೋರ್ಡಿನ ಪಕ್ಕ ಕೆಲವೆಡೆ ಈಗಲೂ ಒಂದು ಕಪ್ಪು ಡಬ್ಬಿ ಉಳಿದಿದೆ. ಅಂಗೈಯಷ್ಟು ಅಗಲ, ಮೈಮೇಲೆ ಗಾಳಿಕಿಂಡಿ, ನಡುವೆ ದಪ್ಪನೆಯ ತಿರುಪು, ಅದರ ಸುತ್ತ ಒಂದರಿಂದ ಐದರವರೆಗೆ ಅಂಕಿ. ತಿರುಗಿಸಿದರೆ ‘ಕಟಕ್’ ಎನ್ನುತ್ತದೆ. ಎರಡರಲ್ಲಿಟ್ಟು ಅರ್ಧ ಗಂಟೆ ಬಿಟ್ಟು ಮುಟ್ಟಿದರೆ ಡಬ್ಬಿ ಬಿಸಿಯಾಗಿರುತ್ತದೆ. ಆ ಬಿಸಿ ಎಲ್ಲಿಂದ ಬಂತೆಂದು ಕೇಳಿದವರು ಕಡಿಮೆ.

ಈ ಡಬ್ಬಿ ಬರುವ ಮೊದಲು ಗಾಳಿಯ ವೇಗ ಮನುಷ್ಯನ ತೋಳಿನಲ್ಲಿತ್ತು. ಬ್ರಿಟಿಷರ ಕಾಲದ ಮದ್ರಾಸಿನ ಕಚೇರಿಗಳಲ್ಲಿ, ದೊರೆಗಳ ಬಂಗಲೆಗಳಲ್ಲಿ ಚಾವಣಿಯಿಂದ ಉದ್ದನೆಯ ಬಟ್ಟೆಯ ಪಂಖಾ ತೂಗುತ್ತಿತ್ತು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಬಂದು ವರಾಂಡದಲ್ಲಿ ಕೂತ ಆಳಿನ ಕೈಗೆ ಸೇರುತ್ತಿತ್ತು, ಕೈ ಸೋತಾಗ ಕಾಲ್ಬೆರಳಿಗೆ. ಗಾಳಿ ಸಾಲದಿದ್ದರೆ ದೊರೆ ಒಳಗಿನಿಂದ ಕೂಗುತ್ತಿದ್ದ, ಆಳು ತೂಕಡಿಸಿದರೆ ಬೂಟಿನಿಂದ ಒದೆಯುತ್ತಿದ್ದ. ಹೀಗೆ ಪೆಟ್ಟು ತಿಂದು ಸತ್ತ ಪಂಖಾ ಕೂಲಿಗಳ ಪ್ರಕರಣಗಳು 19ನೇ ಶತಮಾನದ ಉತ್ತರಾರ್ಧದಲ್ಲಿ ದೇಶದ ನ್ಯಾಯಾಲಯಗಳಿಗೆ ಬಂದಿವೆ. ಸತ್ತವನ ಗುಲ್ಮ ಮಲೇರಿಯಾದಿಂದ ಮೊದಲೇ ಊದಿತ್ತು, ಸಣ್ಣ ಪೆಟ್ಟಿಗೇ ಒಡೆಯಿತು ಎಂಬ ವಾದದ ಬಲದಿಂದ ಆರೋಪಿಗಳು ಅಲ್ಪ ಶಿಕ್ಷೆಯಲ್ಲಿ ಪಾರಾದದ್ದೂ ಉಂಟು. ಆ ವಾದ ಕೇಳುತ್ತಿದ್ದ ನ್ಯಾಯಾಧೀಶರ ತಲೆಯ ಮೇಲೂ ಪಂಖಾ ಆಡುತ್ತಿತ್ತು.

ಮದ್ರಾಸಿನಲ್ಲಿ ವಿದ್ಯುತ್ ಟ್ರಾಮ್ ಓಡಿದ್ದು 1895ರಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿ ಮುಟ್ಟಿದ್ದು 1902ರಲ್ಲಿ, ಬೆಂಗಳೂರಿನ ಬೀದಿ ಬೆಳಗಿದ್ದು 1905ರಲ್ಲಿ. ಮದ್ರಾಸಿನ ಮನೆ, ಕಚೇರಿಗಳಿಗೆ ಮೊದಲು ವಿದ್ಯುತ್ ಕೊಟ್ಟದ್ದು ಖಾಸಗಿ ಕಂಪನಿಯಾದ ಮದ್ರಾಸ್ ಎಲೆಕ್ಟ್ರಿಕ್ ಸಪ್ಲೈ ಕಾರ್ಪೊರೇಷನ್; 1947ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಅಷ್ಟರೊಳಗೆ ಅಮೆರಿಕದಲ್ಲಿ, 1880ರ ದಶಕದಲ್ಲೇ, ಫಿಲಿಪ್ ಡೀಲ್ ಎಂಬಾತ ಹೊಲಿಗೆ ಯಂತ್ರದ ಮೋಟಾರಿಗೆ ರೆಕ್ಕೆ ಕಟ್ಟಿ ಚಾವಣಿಗೆ ತೂಗುಹಾಕಿದ್ದ. ಆ ಫ್ಯಾನು ಸಮುದ್ರ ದಾಟಿ ಬಂದಾಗ ಪಂಖಾ ಎಳೆಯುವವರ ಕೆಲಸ ಹೋಯಿತು. ಹಗ್ಗದ ಬದಲು ತಂತಿ ಬಂತು, ಕೂಗುವ ಬದಲು ಗೋಡೆಯ ಮೇಲಿನ ತಿರುಪು.

ಆ ತಿರುಪಿನ ಕೆಲಸ ಸರಳ. ಕರೆಂಟಿನ ದಾರಿಗೆ ಅಡ್ಡಲಾಗಿ ಪಿಂಗಾಣಿಗೆ ಸುತ್ತಿದ ನಿರೋಧಕ ತಂತಿ. ಒಂದರಲ್ಲಿಟ್ಟರೆ ಅಷ್ಟೂ ತಂತಿಯನ್ನು ಹಾದುಹೋಗಬೇಕು, ಐದರಲ್ಲಿಟ್ಟರೆ ತಂತಿಯ ಗೊಡವೆಯಿಲ್ಲದೆ ನೇರ ದಾರಿ. ನಡುವಿನ ಅಂಕಿಗಳಲ್ಲಿ ಫ್ಯಾನಿಗೆ ತಲುಪುವ ವೋಲ್ಟೇಜ್ ಕಡಿಮೆ, ಉಳಿದದ್ದು ಡಬ್ಬಿಯೊಳಗೆ ಬಿಸಿಯಾಗಿ ಹೋಗುತ್ತದೆ. ಗಾಳಿಕಿಂಡಿ ಇರುವುದು ಅದಕ್ಕೇ. ಎರಡರಲ್ಲಿಟ್ಟರೆ ಬಿಲ್ಲು ಅರ್ಧವಾಗುತ್ತದೆಂದು ನಂಬಿ ಸೆಕೆಯಲ್ಲೇ ಮಲಗಿದ ತಲೆಮಾರುಗಳಿವೆ. ಉಳಿತಾಯ ಸ್ವಲ್ಪ ಇತ್ತು, ಆದರೆ ಗಾಳಿ ಕಡಿಮೆಯಾದಷ್ಟು ಖರ್ಚು ಕಡಿಮೆಯಾಗುತ್ತಿರಲಿಲ್ಲ. ಸೆಕೆಯ ಕೋಣೆಯನ್ನು ತಂಪಾಗಿಸುವ ಯಂತ್ರದ ಅರ್ಧ ಭಾಗ ಅದೇ ಕೋಣೆಯನ್ನು ಕಾಯಿಸುತ್ತಿತ್ತು!

ನಿಜ ಹೇಳಬೇಕೆಂದರೆ ಚೆನ್ನೈನಲ್ಲಿ ಕೆಳಗಿನ ಅಂಕಿಗಳಿಗೆ ಕೆಲಸವೇ ಕಡಿಮೆ. ಮಾರ್ಚಿನಲ್ಲಿ ಐದಕ್ಕೆ ಏರಿದ ತಿರುಪು ಮೇ ತಿಂಗಳ ‘ಕತ್ತಿರಿ ವೆಯಿಲ್’ ದಾಟಿ, ಹಿಂಗಾರು ಮಳೆ ಬರುವ ತನಕ ಅಲ್ಲೇ. ಮಾರ್ಗಳಿ ತಿಂಗಳ ಸಂಗೀತ ಕಛೇರಿಗಳ ಹೊತ್ತಿಗೆ ಮೂರಕ್ಕೆ ಇಳಿದರೆ ಅದೇ ಚಳಿಗಾಲ. ಕನ್ನಡ ಚಿತ್ರಗಳು ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ದಿನಗಳಲ್ಲಿ, ಫ್ಯಾನೇ ಇಲ್ಲದ ಬೆಂಗಳೂರಿನ ಮನೆಗಳಿಂದ ಹೋದವರು ಈ ನಗರದಲ್ಲಿ ಮೊದಲು ಕಲಿತದ್ದು ತಮಿಳಲ್ಲ, ಫ್ಯಾನಿನ ಕೆಳಗೆ ಜಾಗ ಹಿಡಿಯುವುದನ್ನು. ಉಡುಪಿ ಹೋಟೆಲಿನಲ್ಲಾದರೆ ಫ್ಯಾನಿನ ಬೋರ್ಡು ಗಲ್ಲಾದ ಹಿಂದಿನ ಗೋಡೆಯಲ್ಲಿ. ಗಿರಾಕಿ ಮೇಲೆ ನೋಡಿದರೆ ಮಾಣಿ ಗಲ್ಲಾದ ಕಡೆ ನೋಡುತ್ತಿದ್ದ.

ಆಗೆಲ್ಲ ಫ್ಯಾನು ಕೊಂಡರೆ ರೆಗ್ಯುಲೇಟರೂ ಜತೆಗೇ ಬರುತ್ತಿತ್ತು. 1979ರ ಭಾರತೀಯ ಮಾನಕ ಐಎಸ್ 374ರ ಶೀರ್ಷಿಕೆಯಲ್ಲೇ ಎರಡೂ ಜೋಡಿಯಾಗಿವೆ. ಆಮೇಲೆ ಟ್ರಯಾಕ್ ಎಂಬ ಬಿಡಿಭಾಗವಿರುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಂತು: ಸ್ವಿಚ್ಚಿನಷ್ಟು ಪುಟ್ಟದು, ಬಿಸಿ ಕಡಿಮೆ. ಆದರೆ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುವುದರಿಂದ ಕಡಿಮೆ ವೇಗದಲ್ಲಿ ಫ್ಯಾನು ಗುಂಯ್ ಎನ್ನುತ್ತಿತ್ತು. ಅಣ್ಣಾ ಸಾಲೈ ಬದಿಯ ರಿಚ್ಚಿ ಸ್ಟ್ರೀಟ್‌ನ ಬಿಡಿಭಾಗದ ಅಂಗಡಿಗಳಲ್ಲಿ ಟ್ರಯಾಕ್ ಕೊಂಡು ಮನೆಯಲ್ಲೇ ಬೆಸುಗೆ ಹಾಕುವವರೂ ಇದ್ದರು. ಗುಂಯ್ ಸದ್ದು ಹೋದದ್ದು ಕೆಪಾಸಿಟರ್ ಬಳಸುವ ರೆಗ್ಯುಲೇಟರಿನಿಂದ. ಅದರಲ್ಲಿ ಶಾಖವಾಗಿ ಪೋಲಾಗುವುದು ತೀರ ಕಡಿಮೆ.

ಮೂರರದೂ ಜೋಡಣೆ ಒಂದೇ. ಮೇನ್ ತೆಗೆದು, ಫೇಸ್ ತಂತಿಯನ್ನು ಸ್ವಿಚ್ಚಿಗೆ, ಅಲ್ಲಿಂದ ರೆಗ್ಯುಲೇಟರಿಗೆ, ಅಲ್ಲಿಂದ ಫ್ಯಾನಿಗೆ ಒಯ್ಯಬೇಕು. ನ್ಯೂಟ್ರಲ್ ನೇರ ಫ್ಯಾನಿಗೆ. ಅವಸರದಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿದರೂ ಫ್ಯಾನು ತಿರುಗುತ್ತದೆ, ನಿಲ್ಲುತ್ತದೆ. ಆದರೆ ನಿಂತ ಫ್ಯಾನಿನಲ್ಲೂ ಫೇಸ್ ಜೀವಂತವಾಗಿರುತ್ತದೆ. ಧೂಳು ಒರೆಸಲು ಸ್ಟೂಲು ಹತ್ತಿದವರಿಗೆ ಅದು ತಿಳಿದಿರುವುದಿಲ್ಲ.

ಚಾವಣಿಯಲ್ಲಿ ಕೊಕ್ಕೆಯೇ ಇಲ್ಲದ ಮನೆಗಳ ಕಥೆ ಬೇರೆ. 2011ರ ಸೆಪ್ಟೆಂಬರಿನಲ್ಲಿ ಜಯಲಲಿತಾ ಸರ್ಕಾರ ಮಿಕ್ಸಿ, ಗ್ರೈಂಡರ್ ಜತೆ ಫ್ಯಾನನ್ನೂ ಉಚಿತವಾಗಿ ಹಂಚತೊಡಗಿತು. ಅದು ಟೇಬಲ್ ಫ್ಯಾನು, ಗುಂಡಿಗಳು ಅದರ ಬುಡದಲ್ಲೇ. 2016ರ ಮೇ ತಿಂಗಳಿಂದ ಪ್ರತಿ ಮನೆಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತವಾಯಿತು. ಇಲ್ಲಿ ಲೆಕ್ಕ ಹಾಕಬಹುದು. 75 ವಾಟಿನ ಚಾವಣಿ ಫ್ಯಾನು ದಿನಕ್ಕೆ 20 ಗಂಟೆ ಐದರಲ್ಲಿ ತಿರುಗಿದರೆ ಒಂದೂವರೆ ಯೂನಿಟ್, 60 ದಿನಕ್ಕೆ 90. ಒಂದೇ ಫ್ಯಾನು ಇಡೀ ಮನೆಯ ಉಚಿತ ಪಾಲನ್ನು ಬಹುತೇಕ ತಿಂದುಹಾಕುತ್ತದೆ. ರೆಗ್ಯುಲೇಟರ್ ಎಷ್ಟೇ ಒಳ್ಳೆಯದಿರಲಿ, ಐದರಲ್ಲಿ ಅದು ಏನೂ ಮಾಡಲಾರದು.

ಇದಕ್ಕೆ ಉತ್ತರ ಬಂದದ್ದು ಗೋಡೆಯಿಂದಲ್ಲ, ಮೋಟಾರಿನಿಂದ. ಕೊಯಮತ್ತೂರಿನ ವರ್ಸಾ ಡ್ರೈವ್ಸ್ 2012ರಲ್ಲಿ ‘ಸೂಪರ್‌ಫ್ಯಾನ್’ ತಂದಿತು. ಬಿಎಲ್‌ಡಿಸಿ ಮೋಟಾರು, ಪೂರ್ತಿ ವೇಗದಲ್ಲಿ 35 ವಾಟು, ಜತೆಗೆ ರಿಮೋಟು. ಮೇಲಿನ ಲೆಕ್ಕದ 90 ಯೂನಿಟ್ ಇದರಲ್ಲಿ 42ಕ್ಕೆ ಇಳಿಯುತ್ತದೆ. ಚೆನ್ನೈನ ಐಐಟಿಯಲ್ಲಿ ಅಶೋಕ್ ಝುನ್‌ಝುನ್‌ವಾಲಾ ತಂಡ ಇಂಥ ಫ್ಯಾನುಗಳನ್ನು ಸೌರಫಲಕಕ್ಕೆ 48 ವೋಲ್ಟ್ ಡಿಸಿ ಲೈನಿನಲ್ಲೇ ಜೋಡಿಸುವ ದಾರಿ ಹುಡುಕಿತು. 2023ರ ಜನವರಿ 1ರಿಂದ ಚಾವಣಿ ಫ್ಯಾನಿಗೆ ನಕ್ಷತ್ರದ ಗುರುತು ದೇಶದಾದ್ಯಂತ ಕಡ್ಡಾಯ.

ಹೊಸ ಫ್ಯಾನಿನ ವೇಗ ಅದರ ಹೊಟ್ಟೆಯೊಳಗಿನ ಸರ್ಕಿಟ್ಟಿನಲ್ಲಿದೆ. ಹಳೆಯ ರೆಗ್ಯುಲೇಟರಿನ ಮೂಲಕ ಕರೆಂಟು ಕೊಟ್ಟರೆ ಆ ಸರ್ಕಿಟ್ಟು ಕೆಡಬಹುದು. ಆದ್ದರಿಂದ ಎಲೆಕ್ಟ್ರಿಷಿಯನ್ ಬೋರ್ಡು ಬಿಚ್ಚಿ, ರೆಗ್ಯುಲೇಟರಿನ ಎರಡೂ ತಂತಿ ಕಳಚಿ ಒಂದಕ್ಕೊಂದು ಸೇರಿಸಿ ಟೇಪು ಸುತ್ತುತ್ತಾನೆ. ತೂತು ಮುಚ್ಚಲು ಬೇರೆ ಪ್ಲೇಟು ಸಿಗದಿದ್ದರೆ ತಿರುಪನ್ನು ಅದರ ಜಾಗದಲ್ಲೇ ಬಿಟ್ಟು ಹೋಗುತ್ತಾನೆ. ರಿಮೋಟು ಸೋಫಾದ ಸಂದಿಯಲ್ಲಿ ಕಳೆದುಹೋದ ರಾತ್ರಿ ಮನೆಯ ಹಿರಿಯರು ಎದ್ದು ಬಂದು ಅದನ್ನೇ ತಿರುಗಿಸುತ್ತಾರೆ. ‘ಕಟಕ್’ ಎನ್ನುತ್ತದೆ, ಫ್ಯಾನು ತನ್ನ ಪಾಡಿಗೆ ತಿರುಗುತ್ತಿರುತ್ತದೆ.