ಗಾಜಿನ ಪೆಟ್ಟಿಗೆಯಲ್ಲಿ ಸಮುದ್ರದ ಕೆಲಸ ಯಾರು ಮಾಡ್ತಾರೆ?

1846ರಲ್ಲಿ ಲಂಡನ್ನಿನ ಒಂದು ದೊಡ್ಡ ಮನೆಯ ಕೆಲಸದ ಹುಡುಗಿಗೆ ವಿಚಿತ್ರವಾದ ಡ್ಯೂಟಿ ಬಿತ್ತು. ತೆರೆದ ಕಿಟಕಿಯ ಮುಂದೆ ನಿಂತು, ಒಂದು ಪಾತ್ರೆಯ ಸಮುದ್ರದ ನೀರನ್ನ ಇನ್ನೊಂದಕ್ಕೆ ಸುರಿಯೋದು, ಅದನ್ನ ಮತ್ತೆ ಮೊದಲನೆಯದಕ್ಕೆ ಸುರಿಯೋದು. ನಾವು ಬಿಸಿ ಕಾಫಿಯನ್ನ ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದು ಆರಿಸ್ತೀವಲ್ಲ, ಹಾಗೆ. ಒಂದೆರಡು ಸಲ ಅಲ್ಲ, ಅರ್ಧ ಮುಕ್ಕಾಲು ಗಂಟೆ!

ಆ ಮನೆಯೊಡತಿ ಆನಾ ಥಿನ್. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಪಾದ್ರಿಯ ಹೆಂಡತಿ. ಟಾರ್ಕಿ ಅನ್ನೋ ಕಡಲೂರಿಗೆ ಹೋದಾಗ ಬಂಡೆಗೆ ಅಂಟಿಕೊಂಡಿದ್ದ ಜೀವಂತ ಹವಳಗಳನ್ನ ನೋಡಿ ಮನಸೋತು, ಕೆಲವನ್ನ ಸೂಜಿ ದಾರದಿಂದ ಸ್ಪಂಜಿಗೆ ಹೊಲಿದು, ಜಾಡಿಯಲ್ಲಿಟ್ಟುಕೊಂಡು ಲಂಡನ್ನಿಗೆ ತಂದಿದ್ದಳು. ಸಮುದ್ರದಿಂದ ಪದೇಪದೇ ನೀರು ತರಿಸೋದು ಸುಲಭವಲ್ಲ. ಇರೋ ನೀರಿಗೇ ಗಾಳಿ ಸೇರಿಸಿದರೆ ಹೇಗೆ ಅಂತ ಯೋಚಿಸಿದಳು. ಉಪಾಯ ಫಲಿಸ್ತು. ಮುಂದೆ ಕಡಲ ಪಾಚಿಯನ್ನೂ ಸೇರಿಸಿ, ಹವಳಗಳನ್ನ ವರ್ಷಗಟ್ಟಲೆ ಬದುಕಿಸಿಕೊಂಡಳು. ಅವು ಜಾಡಿಯೊಳಗೇ ಮರಿ ಹಾಕಿದ್ದನ್ನ 1859ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರೆದಳು. ಮನೆಯೊಳಗೆ ಹವಳ ಸಾಕೋದರ ಚರಿತ್ರೆಯನ್ನ ನಾವು ಇಲ್ಲಿಂದ ಶುರುಮಾಡಬಹುದು.

ಆ ಬರಹದಲ್ಲಿ ಒಂದು ಮಾತಿದೆ. ನೀರು ಸುರಿಯೋದು ದಣಿವಿನ ಕೆಲಸ ನಿಜ, ಆದರೆ ನಮ್ಮ ಪುಟ್ಟ ಕೆಲಸದವಳಿಗೆ ಅದೊಂಥರಾ ಆಟವಾಗಿತ್ತು ಅನ್ನೋ ಅರ್ಥದ ಮಾತು. ಹುಡುಗಿಯನ್ನ ಯಾರಾದರೂ ಕೇಳಿದ್ರಾ ಗೊತ್ತಿಲ್ಲ. ಅವಳು ನಮಗೆ ಸಿಗೋದು ಬರೀ ಕೆಲಸದವಳಾಗಿ, ಹೆಸರಿಲ್ಲದೆ. ಇವತ್ತು ಬೆಂಗಳೂರಿನ ಯಾವುದೋ ಫ್ಲಾಟಿನಲ್ಲಿ ನೀಲಿ ಬೆಳಕಿನ ಕೆಳಗೆ ಮೆದು ಹವಳ ತೂಗಾಡ್ತಾ ಇದ್ದರೆ, ಪಕ್ಕದಲ್ಲಿ ಗುಂಯ್ ಅನ್ನೋ ಪಂಪು ಮಾಡ್ತಿರೋದು ಆ ಹುಡುಗಿಯ ಕೆಲಸವನ್ನೇ. ಸಮುದ್ರ ಪುಕ್ಕಟೆಯಾಗಿ ಮಾಡೋ ಕೆಲಸಗಳನ್ನ ಒಂದೊಂದಾಗಿ ಗುರುತಿಸಿ, ಅದಕ್ಕೊಬ್ಬ ಆಳನ್ನ ಹುಡುಕಿದ್ದೇ ಈ ಹವ್ಯಾಸದ ಪೂರ್ತಿ ಇತಿಹಾಸ.

ಮೊದಲು ಹವಳ ಅಂದ್ರೆ ಏನು ಅನ್ನೋದನ್ನ ನೋಡೋಣ. ನಮ್ಮ ಅಜ್ಜಿಯಂದಿರ ಕೊರಳಲ್ಲಿ ಕರಿಮಣಿ ಜೊತೆ ಪೋಣಿಸಿರೋ ಕೆಂಪು ಹವಳ ಗೊತ್ತಲ್ಲ, ಅದು ಮೆಡಿಟರೇನಿಯನ್ ಸಮುದ್ರದಿಂದ ಬರೋ ಒಂದು ಜೀವಿಯ ಅಸ್ಥಿ. ಬಹುಕಾಲ ಜನ ಅದನ್ನ ಗಿಡ ಅಂದುಕೊಂಡಿದ್ರು. 1706ರಲ್ಲಿ ಇಟಲಿಯ ಮಾರ್ಸಿಲಿ ಅನ್ನೋನು ಅದನ್ನ ಸಮುದ್ರದ ನೀರಿರೋ ಪಾತ್ರೆಯಲ್ಲಿಟ್ಟು ನೋಡಿದಾಗ ಎಂಟೆಂಟು ದಳದ ಬಿಳಿ ಹೂಗಳು ಅರಳಿದವು. ಗಿಡ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು! ಆದರೆ 1720ರ ದಶಕದಲ್ಲಿ ಪೇಸೊನೆಲ್ ಅನ್ನೋ ಫ್ರೆಂಚ್ ವೈದ್ಯ, ಇವು ಹೂಗಳಲ್ಲ, ಪುಟ್ಟ ಪ್ರಾಣಿಗಳು ಅಂದ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಈ ವಿಷಯ ಮಂಡಿಸಿದ ರೇಮೂರ್ ಅನ್ನೋ ದೊಡ್ಡ ವಿಜ್ಞಾನಿ, ಪಾಪ ಈ ಮನುಷ್ಯನ ಮರ್ಯಾದೆ ಹೋಗದಿರಲಿ ಅಂತ ಅವನ ಹೆಸರನ್ನೇ ಹೇಳಲಿಲ್ಲವಂತೆ! ಕೊನೆಗೆ ಗೆದ್ದಿದ್ದು ಪೇಸೊನೆಲ್ಲೇ.

ಆ ಎಂಟು ದಳ ಮುಖ್ಯ. ಅಕ್ವೇರಿಯಂನಲ್ಲಿ ಸಾಕೋ ಅಣಬೆಯಾಕಾರದ ಲೆದರ್ ಕೋರಲ್, ಮುಷ್ಟಿ ಬಿಚ್ಚಿ ಮುಚ್ಚಿ ಮಾಡೋ ಝೀನಿಯಾ, ಇವೆಲ್ಲ ಎಂಟು ತೋಳಿನ ಅದೇ ಬಳಗದವು. ಅಂದ್ರೆ ಅಜ್ಜಿಯ ಸರದ ಹವಳಕ್ಕೆ ಇವು ದಾಯಾದಿಗಳು. ದಿಬ್ಬ ಕಟ್ಟೋ ಗಟ್ಟಿ ಹವಳದ ಹಾಗೆ ಇವು ಕಲ್ಲಿನ ಮನೆ ಕಟ್ಟೋದಿಲ್ಲ. ಮೈಯೊಳಗೆ ಸುಣ್ಣದ ಸಣ್ಣ ಸಣ್ಣ ಚೂರುಗಳಿರುತ್ತವೆ, ಅಷ್ಟೆ.

ಮತ್ತೆ ಇಂಗ್ಲೆಂಡಿಗೆ ಬರೋಣ. 1845ರಲ್ಲಿ ಅಲ್ಲಿ ಗಾಜಿನ ಮೇಲಿನ ಸುಂಕ ಹೋಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೀತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಆ ಪದ ಬಳಕೆಗೆ ಬಂದಿದ್ದೂ ಗಾಸ್‌ನಿಂದಲೇ. ಆಮೇಲೆ ಹಿಡೀತು ನೋಡಿ ಹುಚ್ಚು! ಉಳಿ ಸುತ್ತಿಗೆ ಬುಟ್ಟಿ ಹಿಡಿದು ಜನ ಕಡಲ ತೀರಕ್ಕೆ ನುಗ್ಗಿದ್ರು. ಬಂಡೆಯ ಸಂದಿನ ಗುಂಡಿಗಳಲ್ಲಿ ಸಾವಿರಾರು ವರ್ಷದಿಂದ ಇದ್ದಿದ್ದೆಲ್ಲ ಬರಿದಾಯ್ತು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಬರೆದ ‘ಫಾದರ್ ಅಂಡ್ ಸನ್’ ಪುಸ್ತಕದಲ್ಲಿ ಈ ನಾಶದ ಬಗ್ಗೆ, ತನ್ನ ಪುಸ್ತಕಗಳೇ ಇದಕ್ಕೆ ದಾರಿ ಮಾಡಿದವಲ್ಲ ಅಂತ ಅಪ್ಪ ಪಟ್ಟ ಸಂಕಟದ ಬಗ್ಗೆ ಹೇಳ್ತಾನೆ. ಮನೆಗೆ ತಂದವುಗಳಲ್ಲಿ ಎಷ್ಟೋ ಬೇಗನೆ ಸತ್ತವು. ಪೆಟ್ಟಿಗೆ ಇತ್ತು, ನೀರಿತ್ತು, ಆದರೆ ಸಮುದ್ರದ ಕೆಲಸ ಮಾಡೋರು ಇರಲಿಲ್ಲ.

ಒಂದು ಕೆಲಸಕ್ಕೆ ದಾರಿ ತೋರಿಸಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಅಕ್ವೇರಿಯಂ ಸಾಮಾನಿನ ಅಂಗಡಿ ಇಟ್ಟಿದ್ದವನು. 1871ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂನಲ್ಲಿ ಅವನು, ಜನ ನೋಡೋ ತೊಟ್ಟಿಗಳಿಗಿಂತ ಎಷ್ಟೋ ದೊಡ್ಡದಾದ ಕತ್ತಲೆಯ ತೊಟ್ಟಿಯನ್ನ ನೆಲದಡಿ ಕಟ್ಟಿಸಿ, ಹಗಲೂ ರಾತ್ರಿ ಪಂಪಿನಿಂದ ನೀರು ತಿರುಗಿಸಿದ. ನೀರು ಜಾಸ್ತಿ ಇದ್ದಷ್ಟೂ ಕೆಡೋದು ನಿಧಾನ. ಇವತ್ತಿನ ಹವ್ಯಾಸಿಗಳು ಟ್ಯಾಂಕಿನ ಕೆಳಗೆ ಕಪಾಟಿನಲ್ಲಿ ಬಚ್ಚಿಡೋ ‘ಸಂಪ್’ ಇದೇ ಲೆಕ್ಕ. ನಮ್ಮ ಮನೆಗಳ ನೀರಿನ ಸಂಪಿಗೂ ಅದಕ್ಕೂ ಹೆಸರು ಮಾತ್ರ ಅಲ್ಲ, ಬುದ್ಧಿಯೂ ಒಂದೇ.

ಆದರೂ ಉಷ್ಣವಲಯದ ಹವಳ ಮಾತ್ರ ಉಳೀತಿರಲಿಲ್ಲ. ಥಿನ್ ಸಾಕಿದ್ದು ತಣ್ಣನೆ ಸಮುದ್ರದ ಹವಳ. ಅದು ಹಿಡಿದು ತಿಂದು ಬದುಕೋ ಜೀವಿ, ಬೆಳಕಿನ ಹಂಗಿಲ್ಲ. ಬೆಚ್ಚನೆ ಸಮುದ್ರದ ಹವಳದ ಕಥೆ ಬೇರೆ. ಅದರ ಮೈಯೊಳಗೇ ಆಳುಗಳಿದ್ದಾರೆ. 1881ರಲ್ಲಿ ಕಾರ್ಲ್ ಬ್ರಾಂಟ್ ಅನ್ನೋ ಜರ್ಮನ್ ವಿಜ್ಞಾನಿ, ಇಂಥ ಪ್ರಾಣಿಗಳ ಒಳಗೆ ವಾಸಿಸೋ ಕಂದು ಹಳದಿ ಕಣಗಳಿಗೆ ಝೂಕ್ಸಾಂತೆಲ್ಲಾ ಅಂತ ಹೆಸರಿಟ್ಟ. ಅವು ಒಂದೇ ಕೋಶದ ಪಾಚಿಗಳು. 1958ರಲ್ಲಿ ಮಸ್ಕಟೀನ್ ಮತ್ತು ಹ್ಯಾಂಡ್ ಅನ್ನೋ ಇಬ್ಬರು ವಿಕಿರಣಶೀಲ ಇಂಗಾಲವನ್ನ ಗುರುತಾಗಿ ಬಳಸಿ, ಹವಳದ ನೆಂಟನಾದ ಸಮುದ್ರ ಹೂವಿನಲ್ಲಿ ಒಂದು ವಿಷಯ ತೋರಿಸಿದ್ರು: ಪಾಚಿ ಬಿಸಿಲಲ್ಲಿ ತಯಾರಿಸಿದ ಆಹಾರ ನೇರವಾಗಿ ಪ್ರಾಣಿಯ ಮೈಗೆ ಸೇರುತ್ತೆ. ಅಂದ್ರೆ ಬೆಳಕು ಇಲ್ಲಿ ಅಲಂಕಾರ ಅಲ್ಲ, ಅದೇ ಅನ್ನ. ಮಂಕು ದೀಪದಡಿ ಇಟ್ಟ ಹವಳ ತಿಂಗಳಾನುಗಟ್ಟಲೆ ಉಪವಾಸ ಬಿದ್ದು ಸಾಯ್ತಿತ್ತು. ಸಾವು ನಿಧಾನವಾಗಿ ಬರೋದರಿಂದ ಕಾರಣ ತಿಳೀತಿರಲಿಲ್ಲ.

ಮುಂದಿನ ಹೆಜ್ಜೆ ಯುರೋಪಿನದ್ದಲ್ಲ. ಇಂಡೋನೇಷ್ಯಾದ ಜಕಾರ್ತದಲ್ಲಿ ಲೀ ಚಿನ್ ಎಂಗ್ ಅನ್ನೋರು ಸಮುದ್ರದಿಂದ ಜೀವ ತುಂಬಿದ ಬಂಡೆ, ಮರಳು, ನೀರು ತಂದು, ಬಿಸಿಲು ಬೀಳೋ ಕಡೆ ಟ್ಯಾಂಕಿಟ್ಟು, ಸಣ್ಣ ಗಾಳಿಗುಳ್ಳೆ ಬಿಟ್ಟು ಹವಳ ಸಾಕಿ ತೋರಿಸಿದ್ರು. 1961ರಲ್ಲಿ ಅಮೆರಿಕದ ಒಂದು ಹವ್ಯಾಸಿ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ್ರು. ದೊಡ್ಡ ಯಂತ್ರ ಒಂದೂ ಇಲ್ಲ! ಗುಟ್ಟು ಇದ್ದಿದ್ದು ಬಂಡೆಯಲ್ಲಿ. ಅಮೋನಿಯಾವನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾಗಳನ್ನ 1890ರಲ್ಲೇ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದ. ಆ ಬಂಡೆಯ ತೂತು ತೂತಲ್ಲೂ ಅವು ಕೋಟಿಗಟ್ಟಲೆ ಇರುತ್ತವೆ. ತಿಪ್ಪೆಗೆ ಹಾಕಿದ ಕಸವನ್ನ ಗೊಬ್ಬರ ಮಾಡೋ ಜೀವಿಗಳ ಹಾಗೆ, ಇವು ಮೀನಿನ ಹೊಲಸನ್ನ ವಿಷವಲ್ಲದ ರೂಪಕ್ಕೆ ತರುತ್ತವೆ. ಗಾಳಿ ತಲುಪದ ಒಳಭಾಗದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನೂ ಮುರಿದು ಗಾಳಿಗೆ ಬಿಡುತ್ತವೆ.

ಜರ್ಮನ್ ಹವ್ಯಾಸಿಗಳಿಗೆ ಜಕಾರ್ತದ ಬಿಸಿಲೂ ಇಲ್ಲ, ಹತ್ತಿರದಲ್ಲಿ ಹವಳದ ಸಮುದ್ರವೂ ಇಲ್ಲ. 1970 ಮತ್ತು 80ರ ದಶಕಗಳಲ್ಲಿ ಪೀಟರ್ ವಿಲ್ಕೆನ್ಸ್, ಬರ್ಲಿನ್ನಿನ ಡೀಟ್ರಿಕ್ ಸ್ಟ್ಯೂಬರ್ ಮುಂತಾದವರು ಜೀವಂತ ಬಂಡೆಯ ಜೊತೆಗೆ ಪ್ರಖರ ದೀಪ, ಪ್ರೋಟೀನ್ ಸ್ಕಿಮ್ಮರ್, ಸುಣ್ಣದ ತಿಳಿನೀರು ಸೇರಿಸಿದ್ರು. ಸ್ಕಿಮ್ಮರ್ ಅಂದ್ರೆ ನೀರಿಗೆ ಸಣ್ಣ ಗುಳ್ಳೆ ಊದಿ, ನೊರೆಗೆ ಅಂಟೋ ಕೊಳೆಯನ್ನ ಮೇಲಿಂದ ತೆಗೆಯೋ ಯಂತ್ರ. ಆಲೆಮನೆಯಲ್ಲಿ ಕುದಿಯೋ ಕಬ್ಬಿನ ಹಾಲಿನ ಮೇಲೆ ಏಳೋ ಮಡ್ಡಿಯನ್ನ ಜಾಲರಿಯಿಂದ ತೆಗೆಯೋದನ್ನ ನೋಡಿದವರಿಗೆ ಇದನ್ನ ವಿವರಿಸೋ ಅಗತ್ಯವೇ ಇಲ್ಲ. ಸುಣ್ಣದ ತಿಳಿಯಂತೂ ವೀಳ್ಯದೆಲೆಗೆ ಹಚ್ಚೋ ಅದೇ ಸುಣ್ಣದ ರಸಾಯನ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಅದರಿಂದ ಸಿಗುತ್ತೆ. ‘ಬರ್ಲಿನ್ ಪದ್ಧತಿ’ ಅಂತ ಹೆಸರಾದ ಇದು, ಸಮುದ್ರದಿಂದ ನೂರಾರು ಮೈಲಿ ದೂರ ಇರೋರೂ ಹವಳ ಸಾಕಬಹುದು ಅನ್ನೋ ಹಾಗೆ ಮಾಡ್ತು.

ಹಾಗಾಗಿ ಇವತ್ತು ಮೆದು ಹವಳ ಸಾಕೋರಿಗೆ ಕೊಡೋ ಒಂದೊಂದು ಸೂಚನೆಯೂ ಈ ಚರಿತ್ರೆಯ ಒಂದೊಂದು ಪುಟ. ಉಪ್ಪು ಸಾವಿರಕ್ಕೆ 35 ಭಾಗದ ಸುಮಾರಿಗಿರಲಿ. ಆವಿಯಾಗೋದು ನೀರು, ಉಪ್ಪಲ್ಲ. ಅದಕ್ಕೇ ಇಳಿದಷ್ಟು ನೀರಿನ ಜಾಗಕ್ಕೆ ಆರ್‌ಒ ಮಾಡಿದ ಸಿಹಿನೀರನ್ನೇ ಹಾಕಬೇಕು. ಬೋರ್‌ವೆಲ್ ನೀರು ಬೇಡ. ಶಾಖ 24ರಿಂದ 26 ಡಿಗ್ರಿ. ಬೆಳಕು ಮಧ್ಯಮ ಸಾಕು, ಹೊಸ ಹವಳವನ್ನ ಮೊದಲು ಕೆಳಗಿಟ್ಟು ನಿಧಾನಕ್ಕೆ ಮೇಲೆ ತರಬೇಕು. ನೀರಿನ ಸೆಳೆತ ನೇರ ಮುಖಕ್ಕೆ ಹೊಡೆಯದೆ ಅತ್ತಿತ್ತ ಬಂದು ಹೋಗೋ ಹಾಗಿರಲಿ. ಸ್ವಲ್ಪ ನೈಟ್ರೇಟ್ ಇದ್ದರೆ ಮೆದು ಹವಳಕ್ಕೆ ತೊಂದರೆ ಇಲ್ಲ, ಪೂರ್ತಿ ಸೊನ್ನೆ ಆದರೇ ಸೊರಗುತ್ತೆ. ಲೆದರ್ ಕೋರಲ್ ಆಗಾಗ ಮುದುಡಿಕೊಂಡು, ಮೇಲೆ ಮೇಣದಂಥ ಪೊರೆ ಬೆಳೆಸಿ, ದಿನಗಟ್ಟಲೆ ಸತ್ತ ಹಾಗೆ ಕೂರುತ್ತೆ. ಹಾವು ಪೊರೆ ಬಿಟ್ಟ ಹಾಗೆ ಅದು. ಪದೇಪದೇ ಮುಟ್ಟದೆ, ಸೆಳೆತ ಸ್ವಲ್ಪ ಹೆಚ್ಚಿಸಿ ಕಾಯಬೇಕು.

ಮೆದು ಅಂದ ಮಾತ್ರಕ್ಕೆ ಸಾಧು ಅಲ್ಲ. ಕಲ್ಲಿನ ಕೋಟೆ ಇಲ್ಲದ ಇವು ವಿಷದಿಂದ ತಮ್ಮನ್ನ ಕಾಪಾಡಿಕೊಳ್ತವೆ. 1980ರ ದಶಕದಲ್ಲಿ ಪಾಲ್ ಸಮಾರ್ಕೊ, ಜಾನ್ ಕೋಲ್ ಮತ್ತಿತರರು ಆಸ್ಟ್ರೇಲಿಯಾದ ಹವಳ ದಿಬ್ಬದಲ್ಲಿ, ಮೆದು ಹವಳ ಬಿಡೋ ರಾಸಾಯನಿಕಗಳು ಪಕ್ಕದ ಗಟ್ಟಿ ಹವಳಕ್ಕೆ ಹಾನಿ ಮಾಡೋದನ್ನ ತೋರಿಸಿದ್ರು. ಸಮುದ್ರದಲ್ಲಿ ಅಲೆ ಇದನ್ನ ತೊಳೆದುಕೊಂಡು ಹೋಗುತ್ತೆ, ಟ್ಯಾಂಕಿನಲ್ಲಿ ಆ ಕೆಲಸ ಸಕ್ರಿಯ ಇದ್ದಿಲಿನದು. ಇವುಗಳ ಜೊತೆಗೇ ಮಾರೋ ಝೋಆಂತಿಡ್ ಜಾತಿಯ ಕೆಲವುದರಲ್ಲಿ ಪಾಲಿಟಾಕ್ಸಿನ್ ಅನ್ನೋ ಘೋರ ವಿಷ ಇದೆ. 1971ರಲ್ಲಿ ಹವಾಯಿಯಲ್ಲಿ ಮೂರ್ ಮತ್ತು ಶೋಯರ್ ಬೇರ್ಪಡಿಸಿದ್ದು. ಕೈಗವಸು, ಕನ್ನಡಕ ಇಲ್ಲದೆ ಕತ್ತರಿಸಬಾರದು. ಅವಿರೋ ಬಂಡೆಯನ್ನ ಕುದಿಯೋ ನೀರಲ್ಲಂತೂ ಹಾಕಲೇಬಾರದು, ಆ ಹಬೆ ಕುಡಿದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಇಷ್ಟೆಲ್ಲ ಆಳುಗಳನ್ನ ಗಂಟು ಹಾಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಇದರ ಬೆಲೆ ಯಾರು ಕೊಡ್ತಿದ್ದಾರೆ? ಗಾಸ್‌ನ ಕಾಲದಲ್ಲಿ ಇಂಗ್ಲೆಂಡಿನ ತೀರ ಕೊಟ್ಟಿತು. ಆಮೇಲೆ ಇಂಡೋನೇಷ್ಯಾದಂಥ ದೇಶಗಳ ದಿಬ್ಬಗಳು ಕೊಟ್ಟವು. ನಮ್ಮಲ್ಲಿ 2001ರಲ್ಲಿ ದಿಬ್ಬ ಕಟ್ಟೋ ಗಟ್ಟಿ ಹವಳ, ಕರಿ ಹವಳ, ಸಮುದ್ರ ಬೀಸಣಿಗೆ ಇವನ್ನೆಲ್ಲ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ, ಅಂದ್ರೆ ಹುಲಿ ಇರೋ ಪಟ್ಟಿಗೇ ಸೇರಿಸಿದ್ರು. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗಿ ನೋಡಬಹುದು, ಚೂರನ್ನೂ ಮುರಿದು ತರೋ ಹಾಗಿಲ್ಲ.

ಆದರೆ ಮೆದು ಹವಳಕ್ಕೆ ಒಂದು ದೊಡ್ಡ ಗುಣ ಇದೆ. ದಾಸವಾಳದ ಕಡ್ಡಿ ಮುರಿದು ನೆಟ್ಟರೆ ಗಿಡ ಆಗೋ ಹಾಗೆ, ಅದರ ಒಂದು ತುಂಡು ಕತ್ತರಿಸಿ ಕಲ್ಲಿಗೆ ಕಟ್ಟಿದರೆ ಇನ್ನೊಂದು ಹವಳ ಆಗುತ್ತೆ. ಸ್ಟ್ಯೂಬರ್ ತನ್ನ ಗಟ್ಟಿ ಹವಳದ ತುಂಡುಗಳನ್ನೇ ಹೀಗೆ ಗೆಳೆಯರಿಗೆ ಹಂಚಿದ್ದ. ಹವಳ ತರೋ ಆಸೆ ಇರೋರು ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಬಣ್ಣವನ್ನಲ್ಲ: ಇದು ಟ್ಯಾಂಕಿನಲ್ಲಿ ಬೆಳೆದ ತುಂಡೋ, ಸಮುದ್ರದಿಂದ ಕಿತ್ತದ್ದೋ?

ಸಮುದ್ರಕ್ಕೂ ಈಗ ಕಷ್ಟಕಾಲ. ನೀರು ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಗಳನ್ನ ಕಳೆದುಕೊಂಡು ಬೆಳ್ಳಗಾಗುತ್ತೆ. 1998ರಲ್ಲಿ ಜಗತ್ತಿನಾದ್ಯಂತ ಹೀಗಾಯ್ತು, ನಮ್ಮ ಲಕ್ಷದ್ವೀಪದಲ್ಲೂ. 2024ರ ಏಪ್ರಿಲ್‌ನಲ್ಲಿ ನಾಲ್ಕನೇ ಜಾಗತಿಕ ಬಿಳಿಚುವಿಕೆ ಅಂತ ಘೋಷಣೆ ಆಯ್ತು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮೀ ಕ್ರಾಗ್ಸ್ ತಂಡ ಹವಳದ ಊರಿನ ಬಿಸಿಲು, ಶಾಖ, ಬೆಳದಿಂಗಳು ಎಲ್ಲವನ್ನೂ ಯಂತ್ರಕ್ಕೆ ಪ್ರೋಗ್ರಾಂ ಮಾಡಿ, ಟ್ಯಾಂಕಿನೊಳಗೇ ಗಟ್ಟಿ ಹವಳ ಲೆಕ್ಕ ಹಾಕಿದ ಹೊತ್ತಿಗೆ ಮೊಟ್ಟೆ ಬಿಡೋ ಹಾಗೆ ಮಾಡಿದೆ. ಹುಣ್ಣಿಮೆಗೂ ಕೋಡ್ ಬರೆಯೋ ಕಾಲ ಬಂತು ನೋಡಿ. ದಿಬ್ಬಗಳನ್ನ ಮತ್ತೆ ಕಟ್ಟೋ ಪ್ರಯತ್ನಗಳಿಗೆ ಇಂಥ ವಿದ್ಯೆ ಬೇಕೇ ಬೇಕು.

ಆದರೆ ಒಂದು ಸಲ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟರೆ ಈ ವಿದ್ಯೆ ಎಲ್ಲ ಅಲ್ಲೇ ನಿಲ್ಲುತ್ತೆ. ಪಂಪು ನಿಂತ ನೀರಲ್ಲಿ ಆಮ್ಲಜನಕ ಇಳಿಯೋಕೆ ಶುರುವಾಗುತ್ತೆ. ಆಗ ಅನುಭವಸ್ಥರು ಹೇಳೋ ಉಪಾಯ ಒಂದೇ: ಮಗ್ಗು ತಗೊಂಡು ಟ್ಯಾಂಕಿನ ನೀರು ಎತ್ತಿ ಎತ್ತಿ ಸುರೀತಾ ಇರಿ, ಕರೆಂಟು ಬರೋ ತನಕ. ಹತ್ತು ನಿಮಿಷಕ್ಕೆ ತೋಳು ಸೋಲುತ್ತೆ. ಇದು ಆಟವಂತೂ ಅಲ್ಲ.