ಟ್ರಾಲ್ ಬಲೆ: ಬೇಡದ ಮೀನನ್ನು ತಪ್ಪಿಸುವ ಮಾರ್ಪಾಡುಗಳ ಇತಿಹಾಸ

ಬೋಟಿನ ಹಿಂದೆ ಕಟ್ಟಿ ಕಡಲ ತಳದ ಮೇಲೆ ಎಳೆದೊಯ್ಯುವ ಬಲೆ ಟ್ರಾಲ್. ಅದರ ಬಾಯಿ ಅಗಲ, ತುದಿಯಲ್ಲಿ ಚೀಲ. ಸಿಗಡಿಗೆಂದು ಎಳೆದರೂ ಮರಿಮೀನು, ಏಡಿ, ಜೆಲ್ಲಿ ಮೀನು, ಕೆಲವೊಮ್ಮೆ ಕಡಲಾಮೆಯೂ ಅದಕ್ಕೆ ಸಿಕ್ಕಿಬೀಳುತ್ತವೆ. ಇವನ್ನು ನೀರಿನೊಳಗೇ ಬಿಟ್ಟುಬಿಡುವಂತೆ ಬಲೆಯನ್ನು ತಿದ್ದುವ ಕೆಲಸ ಗಂಭೀರವಾಗಿ ನಡೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ದೂರು ಮಾತ್ರ ಬಲೆಯಷ್ಟೇ ಹಳೆಯದು. 1376ರಲ್ಲಿ ಇಂಗ್ಲೆಂಡಿನ ಸಂಸತ್ತಿಗೆ ಬಂದ ಮನವಿಯೊಂದು, ಹೊಸ ಬಗೆಯ ಎಳೆಬಲೆಯಲ್ಲಿ ಸಿಕ್ಕ ರಾಶಿ ಮರಿಮೀನನ್ನು ಏನು ಮಾಡುವುದೆಂದು ತೋಚದೆ ಹಂದಿಗಳಿಗೆ ತಿನ್ನಿಸುತ್ತಿದ್ದಾರೆ ಎಂದು ಆಕ್ಷೇಪಿಸಿತ್ತು.

ಮೊದಲು ಹೊಳೆದ ಉಪಾಯ ಬಲೆಯ ಕಣ್ಣನ್ನು ದೊಡ್ಡದು ಮಾಡುವುದು. 1946ರ ಲಂಡನ್ ಒಪ್ಪಂದ ಕಣ್ಣಿನ ಕನಿಷ್ಠ ಅಳತೆಯನ್ನು ನಿಗದಿ ಮಾಡಿತು. ಆದರೆ ಕಾಗದದ ಮೇಲಿನ ಅಳತೆ ನೀರಿನಲ್ಲಿ ಉಳಿಯುವುದಿಲ್ಲ. ಈರುಳ್ಳಿ ತುಂಬುವ ಬಲೆಚೀಲವನ್ನು ಉದ್ದಕ್ಕೆ ಜಗ್ಗಿ ನೋಡಿದರೆ ಇದು ತಿಳಿಯುತ್ತದೆ: ವಜ್ರಾಕೃತಿಯ ಕಣ್ಣುಗಳೆಲ್ಲ ಸೀಳಿನಂತೆ ಕೂಡಿಕೊಳ್ಳುತ್ತವೆ. ಮೀನಿನ ಭಾರಕ್ಕೆ ಟ್ರಾಲ್‌ನ ತುದಿಚೀಲಕ್ಕೆ ಆಗುವುದೂ ಅದೇ. ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ ಹೊಲಿದರೆ ಕಣ್ಣು ಚೌಕವಾಗಿ ತೆರೆದೇ ಇರುತ್ತದೆ, ಮರಿ ನುಸುಳಿ ಹೋಗುತ್ತದೆ. ಇಷ್ಟು ಸರಳವಾದ ಚೌಕಕಣ್ಣಿನ ಚೀಲಕ್ಕೆ ಸ್ಕಾಟ್ಲೆಂಡಿನ ಪ್ರಯೋಗಗಳಿಂದ ಮನ್ನಣೆ ಸಿಗಲು 1980ರ ದಶಕ ಬರಬೇಕಾಯಿತು.

ಸಿಗಡಿ ಬಲೆಗೆ ಈ ಉಪಾಯ ಸಾಲದು. ಸಿಗಡಿಯೇ ಚಿಕ್ಕದು; ಅದು ನಿಲ್ಲುವ ಕಣ್ಣಿನಲ್ಲಿ ಮರಿಮೀನೂ ನಿಲ್ಲುತ್ತದೆ. ಇಲ್ಲಿ ದಾರಿ ತೋರಿದವರು ವಿಜ್ಞಾನಿಗಳಲ್ಲ, ಜೆಲ್ಲಿ ಮೀನಿನಿಂದ ಬೇಸತ್ತ ಮೀನುಗಾರರು. ಅಮೆರಿಕದ ಜಾರ್ಜಿಯಾದ ಸಿಂಕಿ ಬೂನ್ 1960ರ ದಶಕದಲ್ಲಿ ಜೆಲ್ಲಿ ಮೀನನ್ನು ಹೊರದೂಡಲು ಬಲೆಯೊಳಗೆ ಕಂಬಿಗಳ ಚೌಕಟ್ಟು ಕೂರಿಸಿದ. ನಾರ್ವೆಯ ನೂರ್‌ಮೋರೆಯಲ್ಲೂ ಮುಂದೆ ಅದೇ ಕಾಟಕ್ಕೆ ಅಂಥದೇ ಜಾಲರಿ ಹುಟ್ಟಿತು. ಓರೆಯಾಗಿ ನಿಲ್ಲಿಸಿದ ಈ ಜಾಲರಿಯ ಕಂಬಿಗಳ ನಡುವೆ 19 ಮಿ.ಮೀ. ಸಂದು. ಸಿಗಡಿ ಸಂದಿನಲ್ಲಿ ತೂರಿ ಚೀಲ ಸೇರುತ್ತದೆ. ಮೀನು ಜಾಲರಿಗೆ ತಾಗಿ ಮೇಲಕ್ಕೆ ಜಾರಿ, ಬಲೆಯ ನೆತ್ತಿಯ ಕಿಂಡಿಯಿಂದ ಹೊರಹೋಗುತ್ತದೆ. 1990ರ ದಶಕದ ಆರಂಭದಲ್ಲಿ ನಾರ್ವೆ ಇದನ್ನು ಕಡ್ಡಾಯ ಮಾಡಿತು.

ಅಮೆರಿಕದಲ್ಲಿ ಇದೇ ತತ್ತ್ವದ ಚೌಕಟ್ಟು ಆಮೆಯನ್ನು ಉಳಿಸುವ 'ಟೆಡ್' ಎನಿಸಿತು. ಸರ್ಕಾರ 1987ರಲ್ಲಿ ನಿಯಮ ತಂದಾಗ ಸಿಗಡಿ ಹಿಡಿಯುವವರು ಸಿಡಿದೆದ್ದರು. 1989ರಲ್ಲಿ ಟೆಕ್ಸಾಸ್‌ನ ಬಂದರು ದಾರಿಗಳಿಗೆ ಬೋಟುಗಳನ್ನೇ ಅಡ್ಡ ನಿಲ್ಲಿಸಿದರು. ಸಿಗಡಿ ಕೈತಪ್ಪುತ್ತದೆ ಎಂಬುದು ಅವರ ತಕರಾರು. ಅದೇ ವರ್ಷದ ಕಾನೂನು, ಟೆಡ್ ಇಲ್ಲದೆ ಹಿಡಿದ ವಿದೇಶಿ ಸಿಗಡಿಗೂ ತಡೆಯೊಡ್ಡಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿದವು. 1998ರ ತೀರ್ಪು ತಪ್ಪೆಂದದ್ದು ಕಾನೂನನ್ನು ತಾರತಮ್ಯದಿಂದ ಜಾರಿ ಮಾಡಿದ ರೀತಿಯನ್ನು. ಆಮೆ ಉಳಿಸುವ ಉದ್ದೇಶವನ್ನಲ್ಲ.

ಭಾರತದಲ್ಲಿ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಲ್ಲಿನ ಬೋಟುಗಳಿಗೆ ಒಗ್ಗುವ ಟೆಡ್ ರೂಪಿಸಿತು. ಮರಿಮೀನನ್ನು ಹೊರಬಿಟ್ಟು ಸಿಗಡಿಯನ್ನು ಬೇರ್ಪಡಿಸುವ ಅದರ ಇನ್ನೊಂದು ಸಾಧನಕ್ಕೆ 2005ರಲ್ಲಿ ವಿಶ್ವ ವನ್ಯಜೀವಿ ನಿಧಿಯ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ಗುಜರಾತ್ ತನ್ನ 2003ರ ಕಾಯ್ದೆಯಲ್ಲಿ 40 ಮಿ.ಮೀ. ಚೌಕಕಣ್ಣನ್ನು ವಿಧಿಸಿತು, ಕರ್ನಾಟಕದಲ್ಲಿ 35 ಮಿ.ಮೀ.ಗಿಂತ ಚಿಕ್ಕ ಕಣ್ಣಿನ ತುದಿಚೀಲಕ್ಕೆ ನಿಷೇಧವಿದೆ. ಸಾಧನಗಳು ಬೋಟು ಹತ್ತಿದ್ದು ಮಾತ್ರ ಕಡಿಮೆ. 2019ರಲ್ಲಿ ಅಮೆರಿಕ ಟೆಡ್‌ನ ಕಾರಣಕ್ಕೇ ಭಾರತದ ಕಡಲ ಸಿಗಡಿಗೆ ಬಾಗಿಲು ಮುಚ್ಚಿತು. ಸಾಕಿದ ಸಿಗಡಿಗೆ ಅಡ್ಡಿಯಿರಲಿಲ್ಲ.

ಸಾಧನ ಹಿಡಿಸದಿರಲು ಕಾರಣ ಬಲೆಯಲ್ಲಿಲ್ಲ, ಬಂದರಿನಲ್ಲಿದೆ. ಜಗತ್ತಿನ ಮೀನುಗಾರರು ವರ್ಷಕ್ಕೆ 2.7 ಕೋಟಿ ಟನ್ ಮೀನನ್ನು ಕಡಲಿಗೇ ಎಸೆಯುತ್ತಾರೆ ಎಂದು 1994ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರಕಟಿಸಿದ ವರದಿ ಅಂದಾಜು ಮಾಡಿತ್ತು. ಅದರಲ್ಲಿ ಮೂರನೇ ಒಂದರಷ್ಟು ಸಿಗಡಿ ಟ್ರಾಲ್‌ಗಳದ್ದು. 2005ರ ವರದಿಯಲ್ಲಿ ಅಂಕಿ 73 ಲಕ್ಷ ಟನ್‌ಗೆ ಇಳಿಯಿತು. ಎಣಿಸುವ ಕ್ರಮ ಬದಲಾಗಿದ್ದು ನಿಜ. ಆದರೆ ಏಷ್ಯಾದಲ್ಲಿ ಎಸೆಯುತ್ತಿದ್ದ ಮೀನಿಗೆ ಬೆಲೆ ಬಂದದ್ದೂ ಇಳಿಕೆಗೆ ಒಂದು ಕಾರಣ. ಇದನ್ನು ಉಳಿತಾಯವೆಂದು ಓದುವುದು ಅವಸರದ ಓದು. ಮಂಗಳೂರು, ಮಲ್ಪೆ ಧಕ್ಕೆಗಳಲ್ಲಿ ಬೊಂಡಾಸ್, ಅಂಜಲ್ ಹರಾಜಾಗುವಾಗ, ಬೆರಳುದ್ದದ ಮದಿಮಾಳು, ನಂಗು, ಏಡಿಗಳ ಕಲಬೆರಕೆ ರಾಶಿ ಪಕ್ಕದಲ್ಲೇ ಮೀನುಪುಡಿ ಕಾರ್ಖಾನೆಯ ಲಾರಿಗೆ ಏರುತ್ತದೆ. ಅಲ್ಲಿ ಅದು ಬೇಡದ ಮೀನಲ್ಲ; ಡೀಸೆಲ್ ಖರ್ಚಿಗೆ ಒದಗುವ ಮೀನು.