ಹೋಬಳಿ ಶಾಲೆಯ ಹಿಂದಿನ ಒಂದು ಕಥೆ

ನಮ್ಮ ಕುದೂರು ಹೋಬಳಿ ಕೇಂದ್ರ. ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆ ಬೇಕೆಂಬ ಯೋಜನೆಯನ್ನು 1868ರಲ್ಲಿ ರೂಪಿಸಿದವರು ಬಿ.ಎಲ್. ರೈಸ್. ಮಾಗಡಿ ಸೀಮೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದವರೂ ಅವರೇ. ಅವರ ತಂದೆ ಬೆಂಜಮಿನ್ ರೈಸ್ ಪಾದ್ರಿಗಳ ಮಿಷನ್ ಯಾವ ಜನರಿಂದ ಹುಟ್ಟಿತೆಂಬುದನ್ನು ಇಲ್ಲಿ ಹೇಳಬೇಕೆನಿಸಿದೆ.

ಇಂಗ್ಲೆಂಡಿನಲ್ಲಿ ದೊರೆಯೇ ಚರ್ಚಿಗೂ ಮುಖ್ಯಸ್ಥ. ಸರ್ಕಾರ ಗೊತ್ತುಮಾಡಿದ ಪ್ರಾರ್ಥನಾ ಪುಸ್ತಕವನ್ನು ಎಲ್ಲ ಪಾದ್ರಿಗಳೂ ಪೂರ್ತಿ ಒಪ್ಪಬೇಕೆಂದು 1662ರಲ್ಲಿ ಕಾನೂನಾಯಿತು. ಆ ಕಾಲದಲ್ಲಿ ಸುಮಾರು 2000 ಪಾದ್ರಿಗಳು ಸ್ಥಾನ ಕಳೆದುಕೊಂಡರು. ಇವರನ್ನೂ ಇವರ ಹಿಂಬಾಲಕರನ್ನೂ ‘ಡಿಸೆಂಟರ್’, ಅಂದರೆ ಭಿನ್ನಮತದವರು ಎಂದರು. 1665ರಲ್ಲಿ ಇನ್ನೊಂದು ಏಟು ಬಿತ್ತು: ಪ್ರಮಾಣ ಮಾಡದವರು ತಾವು ಬೋಧಿಸಿದ್ದ ಊರಿನ ಐದು ಮೈಲಿಯೊಳಗೆ ಬರಬಾರದು, ಶಾಲೆಯಲ್ಲಿ ಪಾಠ ಹೇಳಬಾರದು. ಮೇಷ್ಟ್ರಾದ ನನ್ನನ್ನು ಈ ಎರಡನೆಯ ಮಾತೇ ಹೆಚ್ಚು ಕಾಡುತ್ತದೆ. ಪ್ರಾರ್ಥನೆಯ ಜಗಳಕ್ಕೆ ಮಗ್ಗಿ ಹೇಳಿಕೊಡುವವನಿಗೇಕೆ ಶಿಕ್ಷೆ? ಅವರು ಸುಮ್ಮನಾಗಲಿಲ್ಲ, ತಮ್ಮವೇ ವಿದ್ಯಾಲಯಗಳನ್ನು ಕಟ್ಟಿಕೊಂಡರು. ಆಮ್ಲಜನಕದ ಪಾಠದಲ್ಲಿ ನಾವು ಓದುವ ಪ್ರೀಸ್ಟ್ಲಿ ಅಂಥದ್ದೊಂದರಲ್ಲಿ ಕಲಿತು, ಇನ್ನೊಂದರಲ್ಲಿ ಕಲಿಸಿದವರು.

ಭಿನ್ನಮತದವರು ಮುಂದೆ ನಿಂತು 1795ರಲ್ಲಿ ಲಂಡನ್ ಮಿಷನ್ ಸ್ಥಾಪಿಸಿದರು. ಬೆಂಜಮಿನ್ ರೈಸ್ ಬೆಂಗಳೂರಿಗೆ ಬಂದದ್ದು ಅದರ ಮೂಲಕ. ಮತಪ್ರಚಾರಕ್ಕೇ ಬಂದರು, ಮುಚ್ಚಿಡುವಂಥದ್ದೇನಿಲ್ಲ, ಶಾಲೆಗಳನ್ನೂ ನಡೆಸಿದರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮಗ ಮುಂದೆ ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು.

ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚು ದೊರೆಯ ಚರ್ಚಿನ ಕಡೆಯದು, ಅವೆನ್ಯೂ ರಸ್ತೆಯ ರೈಸ್ ಚರ್ಚು ಲಂಡನ್ ಮಿಷನ್ನಿನದು. 1947ರ ಸೆಪ್ಟೆಂಬರಿನಲ್ಲಿ ಸಿ.ಎಸ್.ಐ. ಸಭೆ ಹುಟ್ಟಿದ ಮೇಲೆ ಎರಡೂ ಒಂದೇ ಸಭೆಗೆ ಸೇರಿವೆ.